ಮುನ್ನೂರು ಚಳಿಗಾಲ

ದಾವಣಗೆರೆಗೆ ಹಿಮ ಗೊತ್ತಿಲ್ಲ.
ಏಪ್ರಿಲ್ ಮೂರನೇ ವಾರ. ಕಾಲೇಜಿನ ತಗಡಿನ ಶೆಡ್ಡಿನ ಹೊರಗೆ
ಬೇವಿನ ನೆರಳೂ ಬೆವರುತ್ತಿದೆ.
ಒಳಗೆ, ಪೆಟ್ಟಿಗೆಯಲ್ಲಿ, ಸೊನ್ನೆಗಿಂತ ಹದಿನೆಂಟು ಕೆಳಗೆ
ಹನ್ನೆರಡು ಕಾಂಕ್ರೀಟ್ ತುಂಡುಗಳು,
ದಿನಕ್ಕೆ ಆರು ಚಳಿಗಾಲ.
ಹೆಪ್ಪುಗಟ್ಟು, ಕರಗು, ಮತ್ತೆ ಹೆಪ್ಪುಗಟ್ಟು.

ಸಿಮೆಂಟಿನಲ್ಲಿ ಮೂರನೇ ಒಂದು ಪಾಲು ಹಾರುಬೂದಿ,
ರಾಯಚೂರಿಂದ ಲಾರಿ ಹತ್ತಿ ಬಂದದ್ದು;
ಚೀಲ ಬಿಚ್ಚುವಾಗ ಉಸಿರು ಹಿಡಿಯಬೇಕು.
ಲಡಾಖಿನ ಯಾವುದೋ ಸೇತುವೆಗಂತೆ ಈ ಲೆಕ್ಕ.
ನಾನು ಲಡಾಖ್ ನೋಡಿಲ್ಲ.
ಅಟೆಂಡರ್ ಖಾಜಾಮೈನುದ್ದೀನ್ ಹರಿಹರದ ಆಚೆ ಹೋಗಿಲ್ಲ.
"ಸುಟ್ಟು ಬೂದಿ ಆಗಿದ್ದಕ್ಕ ಮತ್ಯಾಕ್ರೀ ಮೇಡಂ ಚಳಿ?"

ಮೂವತ್ತು ಸುತ್ತಿಗೊಮ್ಮೆ ಎತ್ತಿ, ಒರೆಸಿ, ತೂಗಿ,
ಪುಟ್ಟ ಸುತ್ತಿಗೆಯಿಂದ ತಟ್ಟುತ್ತೇವೆ.
ಯಂತ್ರ ಅಂಕಿ ತೋರುವ ಮೊದಲೇ ಅವನು,
ಸಂತೆಯಲ್ಲಿ ಗಡಿಗೆ ಆರಿಸುವವನ ಹಾಗೆ ಕಿವಿ ವಾಲಿಸಿ:
"ಏಳನೇದರ ದನಿ ಒಡದೈತ್ರಿ."

ಹೌದು. ಏಳರಲ್ಲಿ ಗಾಳಿಗುಳ್ಳೆ ಕಡಿಮೆ.
ಬೂದಿಯೊಳಗೆ ಉಳಿದ ಕರಿ
ನಾವು ಹಾಕಿದ ನೊರೆಯ ಔಷಧಿಯನ್ನು ಕುಡಿದುಬಿಟ್ಟಿತ್ತು.
ಬೋರ್ಡಿನ ಮೇಲೆ ಬರೆದು ತೋರಿಸಹೊರಟೆ:
ಒಳಗಿನ ನೀರು ಹಿಮವಾಗಿ ಉಬ್ಬುತ್ತದೆ, ಸರಿಯಲು ಜಾಗವಿಲ್ಲದೆ...
ಅವನು ನಕ್ಕ.
"ಅಷ್ಟೇ ಏನ್ರೀ! ನಮ್ಮ ಭಟ್ಟ್ಯಾಗ ಅಕ್ಕಿ ಮಾಡೋದೂ ಇದನ್ನ.
ಕಾದ ಉಸುಕಿನಾಗ ಒಳಗಿನ ಪಸೆ ಉಬ್ಬತೈತಿ, ಚಟ್ಟಂತ ಅರಳತೈತಿ.
ಅಲ್ಲಿ ಅದಕ್ಕ ಮಂಡಕ್ಕಿ ಅಂತೀವಿ.
ಇಲ್ಲಿ ನೀವು ಫೇಲ್ ಅಂತೀರಿ."
ಡಸ್ಟರ್ ಹಿಡಿದು ನಿಂತೇ ಇದ್ದೆ.

ಇನ್ನೂರ ಹನ್ನೊಂದನೇ ಸುತ್ತು, ರಾತ್ರಿ ಎರಡಕ್ಕೆ ಕರೆಂಟು ಹೋಯಿತು.
ಜನರೇಟರಿಗೆ ಡೀಸೆಲ್ಲಿಲ್ಲ.
ಕರಗಿದರೆ ಮೂರು ತಿಂಗಳು ನೀರು.
ಅವನು ಸೈಕಲ್ಲಿನ ಕ್ಯಾರಿಯರಿಗೆ ಮಂಜುಗಡ್ಡೆಯ ದಿಮ್ಮಿ ಕಟ್ಟಿ,
ಮೇಲೆ ಮಂಡಕ್ಕಿ ಚೀಲ ಹೊದಿಸಿ ತಂದ;
ರಸ್ತೆಯುದ್ದಕ್ಕೂ ಹನಿ ಹನಿ ಗೆರೆ.
ಬೆಳಗಿನ ತನಕ ಪೆಟ್ಟಿಗೆಗೆ ಬೆನ್ನು ಕೊಟ್ಟು ಕೂತಿದ್ದೆವು,
ಬೆನ್ನು ತಣ್ಣಗೆ, ಮುಖಕ್ಕೆ ಸೆಕೆ,
ಅವನು ಎರಡು ಸಲ ತೂಕಡಿಸಿದ, ನಾನು ಎಣಿಸಲಿಲ್ಲ.

ಮುನ್ನೂರಕ್ಕೆ ಹನ್ನೊಂದು ಉಳಿದವು, ಅಂಚು ಕೊಂಚ ಸವೆದು.
ಏಳನೆಯದು ಕೈಯಲ್ಲೇ ಎರಡು ಹೋಳಾಯಿತು,
ಬೆರಳಿಗೆ ನುಚ್ಚು ಹತ್ತಿತು.
ದೊಡ್ಡ ಹೋಳು ತನಗೆ ಬೇಕೆಂದ. ಕೊಟ್ಟೆ.

ಮೊನ್ನೆ ಅವರ ಓಣಿಗೆ ಹೋಗಿದ್ದೆ.
ಭಟ್ಟಿಯ ಬಾಯಿಗೆ ಮೂರು ಮೊಳ ದೂರದಲ್ಲಿ
ಅವನ ತಾಯಿ ಹುಸೇನ್‌ಬಿ ಜರಡಿ ಹಿಡಿದಿದ್ದಳು,
ಏಳನೇ ನಂಬರಿನ ಮೇಲೆ ಕೂತು.
ಕಲ್ಲು ಬೆಚ್ಚಗಿದೆಯೇ ಎಂದು ಮುಟ್ಟಿನೋಡುವ ಆಸೆಯಾಯಿತು;
ಏಳಿ ಅನ್ನಲು ನಾಚಿಕೆ.