ಹನ್ನೆರಡು ಸೆಕೆಂಡಿನ ಅಂಬಿಗ

ರೆಸೀಫೆಯ ಸಣ್ಣ ವ್ಯಾಜ್ಯಗಳ ಕೋರ್ಟಿನಲ್ಲಿ
ಫ್ಯಾನು ಮೂರು ಸುತ್ತಿಗೊಮ್ಮೆ ಕೆಮ್ಮುತ್ತದೆ.
ನಾನು ನ್ಯಾಯಾಧೀಶೆಯಲ್ಲ, ರಾಜಿ ಮಾಡಿಸುವವಳು;
ಮೇಜಿನ ಈ ಕಡೆ ಒಂದು ಜಗ್ಗು ನೀರು,
ಆ ಕಡೆ ದಿನಕ್ಕೆ ಹನ್ನೊಂದು ಜಗಳ.
ಬೆಳಿಗ್ಗೆ ಒಂದು ಫ್ರಿಜ್ಜು, ಆಮೇಲೆ ಹಾರದ ವಿಮಾನ,
ಮದುವೆಗೆ ಮುಂಚೆಯೇ ಕರಗಿಹೋದ ಕೇಕು.
ನಂತರ ಬಂದವನು ಎವಾನಿಲ್ಡೊ,
ಟೈರು ಗೋದಾಮಿನ ರಾತ್ರಿ ಕಾವಲುಗಾರ,
ವಯಸ್ಸು ಐವತ್ತೊಂದು. ದಾವೆ, ಒಂದು ವಿಡಿಯೋ ಗೇಮಿನ ಮೇಲೆ,
ಇನ್ನೂರ ತೊಂಬತ್ತೊಂಬತ್ತು ರಿಯಾಲಿಗೆ.

"ಮಗನಿಗೆ ಕೊಂಡದ್ದಾ?" ಅಂದೆ.
"ಅಲ್ಲ ಮೇಡಂ, ನನಗೇ.
ರಾತ್ರಿ ಉದ್ದ. ಟೈರುಗಳು ಮಾತಾಡುವುದಿಲ್ಲ."

ಅವನ ಫೋನಿನಲ್ಲಿ ಜಾಹೀರಾತು:
ಮಂಜು. ಒಂದು ಹೊಳೆ. ಹೊಳೆಯಲ್ಲಿ ದೋಣಿ.
ದಡದಿಂದ ಯಾರೋ ಕೂಗಿದರೆ
ಅಂಬಿಗ ಹುಟ್ಟು ನಿಲ್ಲಿಸಿ, ತಲೆ ತಿರುಗಿಸಿ,
ಗುರುತು ಹಿಡಿದವನಂತೆ ನೋಡುತ್ತಾನೆ.
ಹನ್ನೆರಡು ಸೆಕೆಂಡು.
ಅದಕ್ಕಾಗಿ ಹದಿಮೂರು ವಾರ
ನಡುರಾತ್ರಿಯ ಕಾಫಿ ಬಿಟ್ಟಿದ್ದಾನೆ ಇವನು.

ಆಟ ಬಂತು. ಹೊಳೆ ಇದೆ, ಗಾಜಿನಂತೆ ಗಟ್ಟಿ;
ಮೇಲೆ ನಡೆದರೂ ಕಾಲು ಒದ್ದೆಯಾಗುವುದಿಲ್ಲ.
ಅಂಬಿಗ ಇದ್ದಾನೆ, ಬೆನ್ನು ಹಾಕಿ.
ಎಷ್ಟು ಕೂಗಿದರೂ ಬೆನ್ನು.
ಸುತ್ತಿ ಹೋಗಿ ಎದುರಿಗೆ ನಿಂತು ನೋಡಿದರೆ
ಮುಖವನ್ನೇ ಮಾಡಿಲ್ಲ.

ಕಂಪನಿಯ ವಕೀಲ ತಾಲೆಸ್, ಎಳೆ ಹುಡುಗ,
ಟೈ ಇನ್ನೂ ಅಂಗಡಿಯ ಮಡಿಕೆ ಬಿಟ್ಟಿಲ್ಲ:
"ಮೂಲೆಯಲ್ಲಿ ಬರೆದಿತ್ತಲ್ಲ,
ಅಂತಿಮ ಆಟ ಬೇರೆಯಿರಬಹುದು ಎಂದು."
ಬರೆದಿತ್ತು. ಇರುವೆಯ ಹೆಜ್ಜೆಯಷ್ಟು ದಪ್ಪಕ್ಕೆ.
"ಜಾಹೀರಾತು ಎಂದರೆ ಕನಸು.
ಸೋಪು ಹಚ್ಚಿದವರಿಗೆಲ್ಲ ಜಲಪಾತ ಸಿಗುತ್ತದೆಯೇ?"
ಎವಾನಿಲ್ಡೊ ಯೋಚಿಸಿದ.
"ಜಲಪಾತ ಬೇಡ ವಕೀಲರೇ. ನೊರೆ ಬರಬೇಕಲ್ಲ?"

ನಗು ಅಡಗಿಸಲು ನೀರು ಕುಡಿದೆ.
ಆದರೂ ತೂಗಬೇಕು.
ಕಂಡದ್ದನ್ನೆಲ್ಲ ಮಾಡಿ ಮುಗಿಸಲಾಗುವುದಿಲ್ಲ, ನಿಜ;
ಎಲ್ಲೋ ಒಬ್ಬಳು ಆ ಕತ್ತಿನ ತಿರುವಿಗೆಂದೇ
ತಿಂಗಳುಗಟ್ಟಲೆ ಕಣ್ಣು ಸವೆಸಿರಬೇಕು,
ದಿನ ಸಾಲದೆ ಇನ್ನಾರೋ ಕತ್ತರಿಸಿರಬೇಕು.
ಆಸೆಪಟ್ಟು ಸೋಲುವುದು ಅಪರಾಧವಲ್ಲ.
ಸೋತದ್ದು ಗೊತ್ತಿದ್ದೂ
ಅದೇ ಹನ್ನೆರಡು ಸೆಕೆಂಡನ್ನು, ಮಾರುವ ದಿನದವರೆಗೂ,
ಬಸ್ ನಿಲ್ದಾಣದ ಪರದೆಗಳಿಗೆಲ್ಲ ಹಚ್ಚುತ್ತ ಹೋದರಲ್ಲ,
ಊರಿಗೆ ಊರೇ ಮೂಗಿಗೆ ತುಪ್ಪ ಸವರುತ್ತ,
ಅದಕ್ಕೆ ಏನು ಹೆಸರು?

ಹತ್ತೊಂಬತ್ತು ವರ್ಷದ ಹಿಂದೆ ನಾನೊಂದು ಫ್ಲಾಟು ಕೊಂಡೆ.
ಕರಪತ್ರದಲ್ಲಿ ಕಿಟಕಿ ತುಂಬ ಸಮುದ್ರ.
ಈಗಲೂ ಇದೆ; ಬಚ್ಚಲಿನ ಸ್ಟೂಲು ಹತ್ತಿ ಬಗ್ಗಿದರೆ
ಎರಡು ಕಟ್ಟಡಗಳ ಸಂದಿಯಲ್ಲಿ ಒಂದು ಗೇಣು ನೀಲಿ.
ಬಂದವರಿಗೆ ತೋರಿಸುತ್ತೇನೆ, ನೋಡಿ, ಸಮುದ್ರ.
ದಾವೆ ಹೂಡಲಿಲ್ಲ.
ಅವರ ಸುಳ್ಳನ್ನು ದಿನಾ ಒಂದಿಷ್ಟು
ನಾನೇ ಸಾಕಿಕೊಂಡೆ.

ಕಂಪನಿ ರಾಜಿಗೆ ಸಿದ್ಧ: ಮುಂದಿನ ಆಟಕ್ಕೊಂದು ಕೂಪನ್ನು.
"ಅದರ ಜಾಹೀರಾತು ಇನ್ನೂ ಚೆನ್ನಾಗಿದೆ," ಎಂದ ತಾಲೆಸ್,
ಹೇಳಿ ಮುಗಿಸುವಷ್ಟರಲ್ಲಿ ತಾನೇ ಕೆಂಪಾದ.
ಎವಾನಿಲ್ಡೊ ಕೂಪನ್ನನ್ನು ಮೇಜಿನಾಚೆ ಸರಿಸಿದ.
"ಕರೆದರೆ ತಿರುಗುತ್ತಾನೆ ಅಂದಿದ್ದರು.
ತಿರುಗುವುದಿಲ್ಲ ಅಂತ
ಯಾರಾದರೂ ಮುದ್ರೆ ಒತ್ತಿ ಬರೆದುಕೊಡಲಿ."

ಬರೆದೆ: ರಾಜಿ ಆಗಲಿಲ್ಲ.
ವಿಚಾರಣೆ, ಆಗಸ್ಟ್ ಇಪ್ಪತ್ತಾರು.
ಮುದ್ರೆಯ ಶಾಯಿ ಆರುವ ಮುಂಚೆ
ಇನ್ನೊಮ್ಮೆ ತೋರಿಸುತ್ತೀರಾ ಎಂದು ಕೇಳಿದವನು
ವಕೀಲ.
ಒಂದು ಒಡೆದ ಫೋನಿನ ಮೇಲೆ ಮೂರು ತಲೆ ಬಾಗಿದವು.
ಮಂಜು. ಹೊಳೆ. ಕೂಗು.
ಅಂಬಿಗ ತಿರುಗಿದ.

"ಎಷ್ಟು ಚೆನ್ನಾಗಿ ಮಾಡಿದ್ದಾರೆ," ಎಂದ ತಾಲೆಸ್ ಮೆಲ್ಲಗೆ.
"ಅದೇ," ಎಂದ ಎವಾನಿಲ್ಡೊ, "ಅದೇ ನನ್ನ ದೂರು."

ಬಾಗಿಲಲ್ಲಿ ಆಗಲೇ ಮುಂದಿನ ಸಂಖ್ಯೆಯ ಹೆಂಗಸು,
ಕಂಕುಳಲ್ಲಿ ಮಿಕ್ಸಿ.