ಐವತ್ತನಾಲ್ಕು ಪಟ್ಟಿ

ಬೆಟಾಲಿಯನ್ನಿನ ಸುಬೇದಾರರು ಫೋನಿನಲ್ಲಿ ಹೇಳಿದ್ದು ಇಷ್ಟೆ:
ರಾತ್ರಿ ನಡಿಗೆ, ನಾಲ್ಕು ಕಿಲೋಮೀಟರು,
ಶಾಲೆಯಿಂದ ಪದವಿನ ತನಕ, ಪದವಿನಿಂದ ಶಾಲೆಗೆ,
ಶತ್ರುವಿನ ಕಣ್ಣಿಗೆ ಬೀಳಬಾರದು.

ಕರಿಹಲಗೆಯ ಮೇಲೆ ಗೆರೆ ಎಳೆದೆ.
ಪದವಿಗೆ ಬಿಳಿ, ತೋಡಿಗೆ ನೀಲಿ.
ಚೆರ್ಕಳ–ಕಲ್ಲಡ್ಕ ರಸ್ತೆ ಬಂದಾಗ ಕೆಂಪು ಹುಡುಕಿದೆ,
ಸಿಕ್ಕಿದ್ದು ಉಗುರಿನಷ್ಟು ತುಂಡು.
ಅದು ಮುಗಿಯುವವರೆಗೆ ಆ ಒಂದೇ ಗೆರೆಯನ್ನು ತೀಡಿದೆ.
ಶತ್ರು ಎಲ್ಲಿ ಟೀಚರೇ, ಎಂದಳು ಮಿಸ್ರಿಯಾ.
ಇಲ್ಲಿ, ಎಂದೆ. ಹನ್ನೊಂದು ಹೆಜ್ಜೆ ಅಗಲ.

ಮುಂಚಿನ ರಾತ್ರಿ ಒಬ್ಬಳೇ ಹೋಗಿ ಮೋರಿಯ ಕಟ್ಟೆಯಲ್ಲಿ ಕೂತಿದ್ದೆ,
ಹಾಜರಿ ಪುಸ್ತಕದ ಕೊನೆಯ ಪುಟ, ಕೈಗಡಿಯಾರ.
ಎಂಟೂ ನಲವತ್ತು: ಪೆರ್ಲದ ಕೊನೆಯ ಬಸ್ಸು, ಒಳಗೆ ಮೂವರು.
ಒಂಬತ್ತಕ್ಕೆ ಐದು: ಕೋಳಿ ಲಾರಿ, ಗರಿ ಉದುರಿಸುತ್ತ.
ಒಂಬತ್ತೂ ಹನ್ನೆರಡು: ಮದುವೆ ಮನೆಯ ಆರು ಕಾರು,
ಎಲ್ಲಕ್ಕೂ ಊಟ ಮುಗಿದವರ ಅವಸರ.
ಆಮೇಲೆ ಕೆಂಪು ಕಲ್ಲಿನ ಲಾರಿಗಳು. ಅವನ್ನು ಎಣಿಸಬೇಕಾಗಿಲ್ಲ,
ಮೋರಿಯೇ ನಡುಗಿ ಲೆಕ್ಕ ಹೇಳುತ್ತದೆ.
ಒಂದು ಬೈಕಿಗೆ ದೀಪವೇ ಇರಲಿಲ್ಲ;
ಸವಾರ ಹಾಡುತ್ತಿದ್ದ, ಹಾಡು ಕೇಳಿ ಬರೆದುಕೊಂಡೆ.

ಹತ್ತೂವರೆಯಿಂದ ಹತ್ತೂ ಐವತ್ತು: ಏನಿಲ್ಲ.
ಆ ಇಪ್ಪತ್ತು ನಿಮಿಷದ ಸುತ್ತ ಒಂದು ಚೌಕ ಹಾಕಿದೆ.

ಹುಡುಗರಿಗೆ ಮುಖಕ್ಕೆ ಮಸಿ ಬಳಿಯುವ ಆಸೆ.
ಯತಿನ್ ಅಜ್ಜಿಯ ಒಲೆಯಿಂದ ಕರಿ ತಂದು ಡಬ್ಬಿಯಲ್ಲಿಟ್ಟಿದ್ದ,
ಕ್ರಾಸ್ತಾ ಬೂಟಿನ ಪಾಲಿಶೇ ಸಾಕೆಂದ.
ಕಾಣದ ಹಾಗೆ ನಡೆಯುವುದನ್ನು ಕಲಿಸಬೇಕು ನಾನು,
ಕಾಣುವ ಹಾಗೆ ದಾಟಿಸಬೇಕು.
ಎರಡನ್ನೂ ಒಂದೇ ಅರ್ಜಿಯಲ್ಲಿ ಬರೆಯುವುದು ಹೇಗೆ?
ಠಾಣೆಗೆ ಬರೆದ ನನ್ನ ಮಲಯಾಳವನ್ನು ಬಿಂದುಲೇಖಾ ಟೀಚರು ತಿದ್ದಿಕೊಟ್ಟರು.
'ಮಕ್ಕಳ್' ಎಂದರೆ ಹೆತ್ತ ಮಕ್ಕಳು ಅಂತಾಗುತ್ತದೆ,
'ಕುಟ್ಟಿಗಳ್' ಮಾಡಿ ಎಂದರು.
ಅದೊಂದನ್ನು ತಿದ್ದದೆ ಬಿಟ್ಟೆ.

ಮಿಸ್ರಿಯಾಳ ಉಪ್ಪ, ಕಲ್ಲು ಲಾರಿಯ ಅಂದುಂಞಿಯವರನ್ನು ಕೇಳಿದೆ:
ರಾತ್ರಿ ನಿಮಗೆ ಏನು ಕಾಣುತ್ತದೆ?
ಚಹಾದ ಗ್ಲಾಸು ಕೆಳಗಿಟ್ಟರು.
ಮನುಷ್ಯ ಕಾಣುವುದಿಲ್ಲ ಟೀಚರೇ.
ಎದುರಿನ ಗಾಡಿ ಲೈಟು ಇಳಿಸದಿದ್ದರೆ ರಸ್ತೆಯೂ ಕಾಣುವುದಿಲ್ಲ.
ಎದೆಗೆ ಹಚ್ಚಿದ್ದು ಹೊಳೆದರೆ ಬೋರ್ಡೋ ಕಂಬವೋ ಅನಿಸುತ್ತದೆ.
ಕಾಲಗಂಟು ಹೊಳೆಯಬೇಕು, ಮೇಲೆ ಕೆಳಗೆ ಮೇಲೆ ಕೆಳಗೆ,
ಆಗ, ಓ, ಇದು ನಡೆಯುವ ಜೀವ ಅಂತ
ತಲೆಗಿಂತ ಮೊದಲು ಬ್ರೇಕಿನ ಕಾಲಿಗೆ ಗೊತ್ತಾಗುತ್ತದೆ.

ಇಪ್ಪತ್ತೇಳು ಮಂದಿ. ಐವತ್ತನಾಲ್ಕು ಪಟ್ಟಿ ಕತ್ತರಿಸಿದೆ.
ಮಸಿ ನಿಮ್ಮ ಮುಖಕ್ಕೆ ಬಳಿದುಕೊಳ್ಳಿ, ಅಡ್ಡಿಯಿಲ್ಲ ಎಂದೆ,
ನನ್ನ ಮುಖಕ್ಕೆ ಬಳಿಯಬೇಡಿ.

ಕಮಾಂಡು ಹಿಂದಿಯಲ್ಲಿ, ಬೈಗುಳ ಮಲಯಾಳದಲ್ಲಿ,
ಪಾಠ ಕನ್ನಡದಲ್ಲಿ, ಹೆದರಿದರೆ ಬಾಯಿಗೆ ಬರುವುದು ತುಳು.
ಅದಕ್ಕೇ ರಸ್ತೆ ಬದಿ ಯಾರೂ ಕೂಗಬಾರದು. ಸೀಟಿ.
ಒಂದು ಎಂದರೆ ನಿಲ್ಲಿ.
ಎರಡು ಎಂದರೆ ಹಿಂದೆ, ಬಿದ್ದದ್ದನ್ನು ಹೆಕ್ಕದೆ,
ಟೋಪಿಯಾದರೂ, ಮರದ ಬಂದೂಕಾದರೂ.
ಮೂರು ಇಲ್ಲ. ಮೂರು ಊದುವಷ್ಟು ಹೊತ್ತು ಇರುವುದಿಲ್ಲ.

ಹತ್ತೂ ಮೂವತ್ತೆರಡಕ್ಕೆ ದಾಟಲು ನಿಂತೆವು.
ಚೌಕದೊಳಗೇ ಒಂದು ಲಾರಿ ಬಂತು,
ನನ್ನ ಪುಟದಲ್ಲಿ ಇಲ್ಲದ್ದು.
ಎರಡು ಸೀಟಿ.
ಐವತ್ತನಾಲ್ಕು ಹೊಳಪು ಒಟ್ಟಿಗೇ ಹಿಂದೆ ಸರಿದವು.
ಲಾರಿ ದೂರದಲ್ಲೇ ನಿಂತು ದೀಪ ತಗ್ಗಿಸಿತು.
ಮುಖ ಕಾಣಲಿಲ್ಲ, ಒಂದು ಕೈ ಹೊರಬಂದು ಹೋಗಿ ಎಂದಿತು.
ಹೋಗಲಿಲ್ಲ. ಅವನನ್ನು ಕಳಿಸಿಯೇ ದಾಟಿದೆವು.

ವರದಿಯಲ್ಲಿ ಬರೆದೆ: ಏನೂ ಆಗಲಿಲ್ಲ.
ಸುಬೇದಾರರಿಗೆ ಅದು ಚಿಕ್ಕದಾಯಿತು,
ಇನ್ನೇನಾದರೂ ಸೇರಿಸಿ ಎಂದರು.

ವಾಪಸು ಬಂದ ಪಟ್ಟಿ ಐವತ್ತಮೂರು.

ಶನಿವಾರ ಬೆಳಕು ಹರಿಯುವ ಮುಂಚೆ
ಮೊದಲ ಬಸ್ಸಿನ ಮುಂದಿನ ಸೀಟಿನಲ್ಲಿದ್ದೆ.
ತಿರುವಿನಲ್ಲಿ ಒಂದು ಹೊಳಪು, ಮೇಲೆ ಕೆಳಗೆ ಮೇಲೆ ಕೆಳಗೆ.
ಡ್ರೈವರು ಮಾತು ನಿಲ್ಲಿಸದೆಯೇ ಬಲಕ್ಕೆ ಸರಿದ.
ಯತಿನನ ಅಪ್ಪ. ಸೊಂಟದಲ್ಲಿ ಮೂರ್ತೆಯ ಕತ್ತಿ,
ಬರಿಗಾಲು, ತಾಳೆ ಮರಗಳ ಕಡೆ.

ಸ್ಟಾಕ್ ಪುಸ್ತಕದಲ್ಲಿ 'ಕಳೆದಿದೆ' ಎಂದಿದ್ದನ್ನು ಹೊಡೆದು
ಪಕ್ಕದಲ್ಲಿ ಬರೆದೆ: ಬಳಕೆಯಲ್ಲಿದೆ.