ಎಣಿಕೆ

ಮೂರು ದಿನದಿಂದ ಹೊಟ್ಟೆಯಲ್ಲಿ ನೀರು ನಿಂತಿದೆ.
ಗುಂಡಿ ಒತ್ತಿದರೆ ಒಂದು ನರಳಿಕೆ, ಎರಡು ಗುಟುಕು,
ಆಮೇಲೆ ಕೆಂಪು ದೀಪ.
ಬಾಗಿಲು ತೆಗೆದರೆ ಭಾನುವಾರದ ಬಂಗುಡೆ ಸಾರು ಮೂಗಿಗೆ ಬಡಿಯುತ್ತದೆ.

ಕಂಪನಿಯವರು ಹುಬ್ಬಳ್ಳಿಯಿಂದ ಬರಬೇಕಂತೆ.
ಬುಧವಾರ ಅಂದರು. ಯಾವ ಬುಧವಾರ ಅನ್ನಲಿಲ್ಲ.
ಗಾಂಧಿ ಬಜಾರಿನಲ್ಲಿ ಮಿಕ್ಸಿ ರಿಪೇರಿಯ ಮುನೀರ್ ಸಾಬರು
'ಪಾತ್ರೆ ತೊಳೆಯೋ ಮಿಷಿನ್ನಾ?' ಎಂದು ಕನ್ನಡಕ ಹಣೆಗೇರಿಸಿ
ಬಹಳ ಹೊತ್ತು ನಕ್ಕು
ನಕ್ಷತ್ರಬಾಯಿಯ ಸ್ಕ್ರೂಡ್ರೈವರ್ ಕೊಟ್ಟರು.
'ವಾಪಸ್ ತನ್ನಿ ಸಿಸ್ಟರ್, ಇದೊಂದೇ ಇರೋದು.'

ರಾತ್ರಿ ಎರಡು ಸಿಸೇರಿಯನ್ ಮುಗಿಸಿ ಬಂದ ಬೆಳಗ್ಗೆ
ಅಡುಗೆಮನೆಗೆ ಹಳೇ ಬೆಡ್‌ಶೀಟ್ ಹಾಸಿದೆ.
ಜಸಿಂತಾ ಹಲ್ಲುಜ್ಜುತ್ತಲೇ ಟಾರ್ಚು ಹಿಡಿದಳು.
ಪ್ಲಗ್ಗು ಕಿತ್ತೆ. ನಲ್ಲಿ ತಿರುಗಿಸಿ ನಿಲ್ಲಿಸಿದೆ.
ಲೋಟದಲ್ಲಿ ಮೊಗೆದು, ಉಳಿದದ್ದನ್ನು ಸ್ಪಂಜಿನಲ್ಲಿ ಹೀರಿ ಹಿಂಡಿದರೆ
ಎರಡೂವರೆ ಲೀಟರು, ಕಂದು,
ಮೇಲೊಂದು ಎಣ್ಣೆಯ ಕಾಮನಬಿಲ್ಲು.
ಅಳತೆ ನೋಡದೆ ಚೆಲ್ಲಲು ನನಗೆ ಕೈ ಬರುವುದಿಲ್ಲ.

ತಿಲಕ್ ನಗರದ ನರ್ಸಿಂಗ್ ಹೋಮಿನ ಥಿಯೇಟರಿನಲ್ಲಿ ಇಪ್ಪತ್ತಾರು ವರ್ಷ
ಬಿಚ್ಚಿದವರು ಬೇರೆ, ಹೊಲಿದವರು ಬೇರೆ.
ನನ್ನದು ಕೈಗೆ ಕೊಡುವುದು, ಎಣಿಸುವುದು.
ಕತ್ತರಿ ನಾಲ್ಕು, ಇಕ್ಕಳ ಹನ್ನೆರಡು, ಸೂಜಿ ಆರು, ಬಟ್ಟೆ ಇಪ್ಪತ್ತು,
ಬಿಚ್ಚುವ ಮುಂಚೆ ಒಂದು ಸಲ, ಮುಚ್ಚುವ ಮುಂಚೆ ಇನ್ನೊಂದು ಸಲ.

ಇಲ್ಲೂ ಹಾಗೆಯೇ. ನಾಲ್ಕು ಗುಳಿಯ ಇಡ್ಲಿ ತಟ್ಟೆಯಲ್ಲಿ
ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು, ಬುಡದ ತಗಡಿಗೆ ಮೂರು,
ಪಂಪಿನದು ಒಂದೇ, ಉದ್ದ.
ಹನ್ನೆರಡು ಎಂದು ಜಸಿಂತಾ ಫ್ರಿಜ್ಜಿನ ಮೇಲೆ ಬರೆದಳು,
ಅಳಿಸಲಾಗದ ಮಾರ್ಕರಿನಲ್ಲಿ.

ಮುಷ್ಟಿಯಷ್ಟೇ ಇತ್ತು ಪಂಪು.
ಏನು ನೆನಪಾಯಿತೆಂದು ಹೇಳಬೇಕಿಲ್ಲ.
ಬೋರಿನ ನೀರು ಒಳಗೆಲ್ಲ ಸುಣ್ಣ ಬಳಿದಿತ್ತು.
ಕರಿಬೇವಿನ ಕಡ್ಡಿ, ಅರ್ಧ ಹುಣಸೆಬೀಜ.
ಕಿರುಬೆರಳಲ್ಲಿ ಚಕ್ರ ತಿರುಗಿಸಿದೆ: ಅರ್ಧ ಸುತ್ತು, ತಡೆ.
ತುದಿ ಸೊಟ್ಟಗಾಗಿ ಎಸೆದಿದ್ದ ಆಸ್ಪತ್ರೆಯ ಇಕ್ಕಳ ತೂರಿಸಿ ಎಳೆದೆ.
ಟಣ್ ಎಂದು ಏನೋ ಬೋಗುಣಿಗೆ ಬಿತ್ತು.
ಚಕ್ರ ತಿರುಗಿತು. ತಿರುಗುತ್ತಲೇ ಇತ್ತು.

ಹನ್ನೆರಡನ್ನೂ ಬಿಗಿದು ಬೋಗುಣಿ ತೊಳೆಯುವಾಗ
ಸುಣ್ಣ ಕರಗಿದ ಕಡೆ ಒಂದು ಸ್ಕ್ರೂ.

ಹದಿಮೂರು.

'ಮಲ್ಕೊಳ್ಳೋಣ ಕಣೇ' ಅಂದಳು ಜಸಿಂತಾ.
ಎಲ್ಲ ಮತ್ತೆ ಬಿಚ್ಚಿದೆ. ಒಂದು ತೂತೂ ಖಾಲಿ ಇರಲಿಲ್ಲ.
ಹಾಗಾದರೆ ಇದು ಮುಂಚಿನವರದು.
ದಾವಣಗೆರೆಗೆ ಹೋಗುವಾಗ ಅರ್ಧ ಬೆಲೆಗೆ ಕೊಟ್ಟ
ಡಾಕ್ಟರ್ ಷಡಾಕ್ಷರಿಯವರದು.
'ಒಂದು ಸಲಾನೂ ಬಿಚ್ಚಿಲ್ಲ ಸಿಸ್ಟರ್' ಅಂದಿದ್ದರು.

ಒಮ್ಮೆ, ನಡುರಾತ್ರಿ, ಒಂದು ಬಟ್ಟೆ ಕಡಿಮೆ ಬಂದಾಗ
'ನಿಮ್ಮ ಲೆಕ್ಕ ತಪ್ಪಿರುತ್ತೆ, ಮುಚ್ಚೋಣ' ಅಂದವರೂ ಅವರೇ.
ನಾನು ಸೂಜಿ ಕೊಡಲಿಲ್ಲ.
ಹನ್ನೊಂದು ನಿಮಿಷ ಹುಡುಕಿದರು. ಸಿಕ್ಕಿತು.
ಅದರ ಮಾತು ಯಾರೂ ಆಡಲಿಲ್ಲ,
ಆ ವರ್ಷ ಸಂಬಳವೂ ಏರಲಿಲ್ಲ.

ಮುಚ್ಚಿ, ಪ್ಲಗ್ಗು ಹಾಕಿ, ಗುಂಡಿ ಒತ್ತಿದೆ.
ಕೊಳವೆ ಒಮ್ಮೆ ಕೆಮ್ಮಿ
ನೀರು ಮೋರಿಗೆ ಗಳಗಳ ಇಳಿಯಿತು.
ನಿದ್ದೆ ಬರಲಿಲ್ಲ. ಸ್ಕ್ರೂ ಮುಷ್ಟಿಯಲ್ಲೇ ಹಿಡಿದು
ಗಾಂಧಿ ಬಜಾರಿಗೆ ಹೋದೆ, ಸ್ಕ್ರೂಡ್ರೈವರಿನ ನೆಪದಲ್ಲಿ.
ಹದಿನೈದು ವರ್ಷದ ಮೇಲೆ ಸಿಕ್ಕ ಸಾಕ್ಷಿ ಅಲ್ಲವೇ.

ಮುನೀರ್ ಸಾಬರು ಬೆಳಕಿಗೆ ಹಿಡಿದು ಎರಡು ಸಲ ಹೊರಳಿಸಿದರು.
'ಇದು ಮಿಷಿನ್ದಲ್ಲ ಸಿಸ್ಟರ್.
ಕುಕ್ಕರ್ ಹಿಡೀದು.'

ಹೌದು. ಆಷಾಢದಿಂದಲೂ ಆ ಹಿಡಿ ಲಡಲಡ.
ಮಸಿಬಟ್ಟೆ ಸುತ್ತಿ ಇಳಿಸುತ್ತಿದ್ದೆವು,
ನಾನೂ ಅವಳೂ, ದಿನಾ,
ಒಬ್ಬರೂ ಬಗ್ಗಿ ನೋಡದೆ.

ಸಂಜೆ ಚಾಕುವಿನ ತುದಿಯಲ್ಲಿ ಬಿಗಿದೆ.
ಮೂರು ಸುತ್ತಿಗೆ ಕೂತಿತು.
ಫ್ರಿಜ್ಜಿನ ಮೇಲೆ ಹನ್ನೆರಡು ಎಂದೇ ಇದೆ.
ಬಂದವರು ಕೇಳಿದರೆ ಜಸಿಂತಾ ಹಾಲಿನ ಲೆಕ್ಕ ಅನ್ನುತ್ತಾಳೆ.